ಎರಡು ತೂತಿನ ಪೆಟ್ಟಿಗೆ

ಆಡಿಯೋ ಇಂಟರ್ಫೇಸ್ ಅನ್ನುವ ಪೆಟ್ಟಿಗೆಯ ಮುಖದಲ್ಲಿ ಎರಡು ತೂತು. ಒಂದು ಮೈಕಿಗೆ, ಇನ್ನೊಂದು ಗಿಟಾರಿಗೆ. ಪಕ್ಕದಲ್ಲಿ ಎರಡು ಚಿಕ್ಕ ನಾಬು, ಒಂದು ದೊಡ್ಡ ನಾಬು, ಹೆಡ್‌ಫೋನ್ ಸಿಕ್ಕಿಸಲು ಒಂದು ಕಿಂಡಿ. ಬಣ್ಣ ಕೆಂಪೋ ಕಪ್ಪೋ ಇರಬಹುದು, ಬೆಲೆ ಕೆಲವು ಸಾವಿರದಿಂದ ಲಕ್ಷದ ಆಸುಪಾಸಿಗೆ ಏರಬಹುದು, ಆದರೆ ಮನೆಬಳಕೆಗೆಂದು ಮಾರುವವುಗಳಲ್ಲಿ ಹೆಚ್ಚಿನವು ಇದೇ ಮುಖಚಹರೆಯವು. ಅವುಗಳ ಜಾಹೀರಾತಿನಲ್ಲಿ ಗಡ್ಡದ ಹುಡುಗನೊಬ್ಬ ಮಂದ ಬೆಳಕಿನ ಕೋಣೆಯಲ್ಲಿ ಒಬ್ಬನೇ ಕೂತು ಗಿಟಾರ್ ನುಡಿಸುತ್ತಿರುತ್ತಾನೆ. ಅವನ ಬೆನ್ನ ಹಿಂದೆ ಕ್ಯಾಲೆಂಡರ್ ಇಲ್ಲ, ಒಣಹಾಕಿದ ಬಟ್ಟೆ ಇಲ್ಲ, "ಕಾಫಿ ಆರಿಹೋಗ್ತಿದೆ" ಎಂದು ಕೂಗುವವರೂ ಇಲ್ಲ. ಸಂಗೀತವೆಂದರೆ ಒಂಟಿ ಗಂಡಸೊಬ್ಬ ರಾತ್ರಿ ಹೊತ್ತು ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಎಂದು ಈ ಪೆಟ್ಟಿಗೆಗಳನ್ನು ತಯಾರಿಸುವವರು ಬಲವಾಗಿ ನಂಬಿದ ಹಾಗಿದೆ.

ನನಗೆ ಭಾವಗೀತೆಗಳಿಗೆ ರಾಗ ಹಾಕುವ ಚಟ. ಬ್ಯಾಂಕಿನಲ್ಲಿದ್ದಾಗ ಹತ್ತಿದ್ದು, ನಿವೃತ್ತಿಯ ಮೇಲೆ ಉಲ್ಬಣಿಸಿತು. (ನಮ್ಮ ಬ್ಯಾಂಕುಗಳು ನಾಡಿಗೆ ಕೊಟ್ಟ ಸಾಲದ ಲೆಕ್ಕ ಎಲ್ಲರ ಹತ್ತಿರವೂ ಇದೆ, ಕೊಟ್ಟ ಸುಗಮ ಸಂಗೀತಗಾರರ ಲೆಕ್ಕವನ್ನು ಯಾರೂ ಇಟ್ಟಿಲ್ಲ.) ಇಷ್ಟು ಕಾಲವೂ ಪಲ್ಲವಿ ಹೊಳೆದರೆ ಟೇಪ್‌ರೆಕಾರ್ಡರ್, ಆಮೇಲೆ ಮೊಬೈಲು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ಹೊಸ ಕಂಪ್ಯೂಟರ್ ಕೊಂಡವನು ಹಳೆಯದನ್ನು, ಜೊತೆಗೊಂದು ಪುಟ್ಟ ಕೀಬೋರ್ಡನ್ನು ಮೈಸೂರಿಗೆ ತಂದು ನನ್ನ ಮೇಜಿನ ಮೇಲೆ ಪ್ರತಿಷ್ಠಾಪಿಸಿದ. "ಇನ್ನು ನೀವೇ ಟ್ಯೂನ್ ಹಾಕಿ, ನೀವೇ ರೆಕಾರ್ಡ್ ಮಾಡ್ಕೊಳ್ಳಿ ಮಾವ. ಒಂದು ಇಂಟರ್ಫೇಸ್ ತಗೊಂಡ್ರೆ ಆಯ್ತು" ಎಂದ. 'ಒಂದು ತಗೊಂಡ್ರೆ ಆಯ್ತು' ಎಂದು ಶುರುವಾದ ಖರ್ಚು ಒಂದಕ್ಕೇ ನಿಂತದ್ದನ್ನು ಸಾಲದ ವಿಭಾಗದಲ್ಲಿದ್ದಷ್ಟು ವರ್ಷವೂ ನಾನು ಕಂಡಿಲ್ಲ.

ಪೆಟ್ಟಿಗೆಯ ಕೆಲಸವೇನೋ ಸರಳ. ಮೈಕಿನಿಂದ ಬರುವ ವಿದ್ಯುತ್ತು ಕೆಲವೇ ಮಿಲಿವೋಲ್ಟಿನಷ್ಟು, ಬಡಪಾಯಿ. ಅದನ್ನು ಹಿಗ್ಗಿಸಿ, ಸೆಕೆಂಡಿಗೆ 44,100 ಸಲವೋ 48,000 ಸಲವೋ ಅಳೆದು, ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ದಾಟಿಸಬೇಕು. ಕಂಪ್ಯೂಟರ್ ವಾಪಸು ಕೊಟ್ಟ ಅಂಕಿಗಳನ್ನು ಮತ್ತೆ ವಿದ್ಯುತ್ತಾಗಿಸಿ ಸ್ಪೀಕರಿಗೆ ಒಪ್ಪಿಸಬೇಕು. ಜಮೆಗೊಂದು ಕೌಂಟರು, ಪಾವತಿಗೊಂದು ಕೌಂಟರು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ತಂದ ಕಾಲದಲ್ಲಿ ಈ ಕೆಲಸ ಕಂಪ್ಯೂಟರಿನ ಹೊಟ್ಟೆಯೊಳಗೇ ನಡೆಯುತ್ತಿತ್ತು. ಆದರೆ ಆ ಹೊಟ್ಟೆಯಲ್ಲಿ ವಿದ್ಯುತ್ತಿನ ಗುಡುಗುಡು ಬಹಳ. ಮಿಲಿವೋಲ್ಟಿನ ಬಡಪಾಯಿಗೆ ಅಲ್ಲಿ ಉಳಿಗಾಲವಿಲ್ಲವೆಂದು ಅದನ್ನು ಹೊರಗೆ ತಂದು ಬೇರೆ ಮನೆ ಮಾಡಿಕೊಟ್ಟರು. ಅಂಗಡಿಗಳಲ್ಲಿ ಈಗಲೂ ಅದು ಸೌಂಡ್ ಕಾರ್ಡೇ. "ಸೌಂಡ್ ಕಾರ್ಡ್ ತೋರಿಸಿ" ಎಂದರೆ ಕೂಡಲೇ ಗಾಜಿನ ಬೀರು ತೆರೆಯುತ್ತದೆ.

ಹಾಗಾದರೆ ರಾಗ ಹಾಕುವವನಿಗೆ ಇದು ಬೇಕೇ ಬೇಕೆ? ಅಂಗಡಿಯಲ್ಲಿ ಯಾರೂ ಹೇಳದ ಉತ್ತರ: ಬೇಡದೆಯೂ ಇರಬಹುದು. ಪಿಟೀಲು, ಕೊಳಲು, ಗಿಟಾರ್, ಡ್ರಮ್ಸ್ ಎಲ್ಲವನ್ನೂ ಕಂಪ್ಯೂಟರಿನೊಳಗಿನ ವಾದ್ಯಗಳಿಂದಲೇ ನುಡಿಸುವವರಿಗೆ ಒಳಗೆ ಹೋಗುವ ತೂತೇ ಅನಾವಶ್ಯಕ. ಕೀಬೋರ್ಡು ತನ್ನದೇ ಯುಎಸ್‌ಬಿ ತಂತಿಯಲ್ಲಿ ಹೋಗಿ ಕೂರುತ್ತದೆ. ಮ್ಯಾಕ್ ಆದರೆ ಹೆಡ್‌ಫೋನ್ ಸಿಕ್ಕಿಸಿ ಕೆಲಸ ಶುರುಮಾಡಬಹುದು. ವಿಂಡೋಸ್ ಆದರೆ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ರೂಪಿಸಿದ ಏಸಿಯೋ ಎಂಬ ವ್ಯವಸ್ಥೆಯ ಹಾದಿಯಲ್ಲಿ ಹೋಗಬೇಕು. ಆ ಹಾದಿ ಇಲ್ಲದ ಕಂಪ್ಯೂಟರಿಗೆ ಏಸಿಯೋ4ಆಲ್ ಎಂಬ ಬಿಟ್ಟಿ ತಂತ್ರಾಂಶವಿದೆ. ಆಮೇಲೆ ಬೇಕೆನಿಸಿದರೆ ಸ್ಪೀಕರ್ ಒಳ್ಳೆಯದು ತೆಗೆದುಕೊಂಡರಾಯಿತು.

ಆದರೆ ನಮ್ಮ ಕಡೆ ರಾಗ ಹುಟ್ಟುವುದು ಬೆರಳಿನಲ್ಲಿ ಅಲ್ಲ, ಗಂಟಲಿನಲ್ಲಿ. ದರ್ಬಾರಿ ಕಾನಡಾದ ತೂಗುವ ಗಾಂಧಾರ ಕೀಬೋರ್ಡಿನ ಯಾವ ಮನೆಯಲ್ಲೂ ವಾಸವಿಲ್ಲ. ಎಡಗಡೆಯ ಬೆಂಡ್ ಚಕ್ರ ತಿರುಗಿಸಿ ಅದನ್ನು ಹಿಡಿಯಲು ಹೋದರೆ ಅಕ್ಕಪಕ್ಕದ ಸ್ವರಗಳೂ ಜಾರುತ್ತವೆ. ಹನ್ನೆರಡು ಕಟ್ಟುನಿಟ್ಟಿನ ಮನೆಗಳ ಬಗ್ಗೆ ಈ ತಕರಾರು ಹಳೆಯದು. ಅದನ್ನು ಮುಂದೆ ಮಾಡಿ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಮ್ಮನ್ನು ಬಾಗಿಲಾಚೆ ನಿಲ್ಲಿಸಿತ್ತು, ಅದು ಒಳಗೆ ಕಾಲಿಡಲು 1971 ಬರಬೇಕಾಯಿತು. ಹಾರ್ಮೋನಿಯಂ ಮೇಲೆ ನನಗೆ ಅಂಥ ಹಗೆಯಿಲ್ಲ, ಮನೆಯಲ್ಲೇ ಒಂದಿದೆ. ಆದರೆ ಪಲ್ಲವಿಯ ಮೊದಲ ಸಾಲು ಹೇಗಿರಬೇಕೆಂಬುದನ್ನು ಹಾಡಿಯೇ ಹೇಳಬೇಕು. ಆದ್ದರಿಂದ ಒಳ್ಳೆಯ ಮೈಕ್ ತೂತು ಒಂದಾದರೂ ಬೇಕು ಎಂಬುದು ಖಾತ್ರಿಯಾಯಿತು.

ಒಂದು ವಾರ ನನ್ನ ಬಳಿಯಿರಲೆಂದು ಸೋದರಳಿಯ ತನ್ನ ಸ್ನೇಹಿತನ ಹಳೆಯ ಪೆಟ್ಟಿಗೆ ತಂದುಕೊಟ್ಟ. ಹಾಡಿದವಳು ನನ್ನ ಹೆಂಡತಿ. ಅವಳು ಆಕಾಶವಾಣಿಯ ಬಿ ಹೈ ಗ್ರೇಡ್ ಕಲಾವಿದೆ. ನಾನು ಯಾವ ಗ್ರೇಡೂ ಇಲ್ಲದ ಸಂಯೋಜಕ. ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹೆಡ್‌ಫೋನ್ ಹಾಕಿಕೊಂಡು ಒಂದು ಸಾಲು ಹಾಡಿದವಳೇ ತೆಗೆದಿಟ್ಟಳು. "ರೀ, ಯಾರೋ ನನ್ನ ಹಿಂದೆ ಹಿಂದೆ ಹಾಡ್ತಿದ್ದಾರೆ."

ಆ ಹಿಂದೆ ಹಾಡುವವರಿಗೆ ಲೇಟೆನ್ಸಿ ಎಂದು ಹೆಸರು. ಕಂಪ್ಯೂಟರ್ ಅಂಕಿಗಳನ್ನು ಒಂದೊಂದಾಗಿ ಮುಟ್ಟುವುದಿಲ್ಲ, ಗಂಟು ಕಟ್ಟಿಸಿಕೊಂಡು ತೆಗೆದುಕೊಳ್ಳುತ್ತದೆ. ಗಂಟಿಗೆ ಬಫರ್ ಎನ್ನುತ್ತಾರೆ. ಒಂದು ಗಂಟಿನಲ್ಲಿ 512 ಅಂಕಿ ಎಂದಿಟ್ಟರೆ, ಸೆಕೆಂಡಿಗೆ 48,000ದ ಲೆಕ್ಕದಲ್ಲಿ ಅದು ತುಂಬಲು ಸುಮಾರು 10.7 ಮಿಲಿಸೆಕೆಂಡು. ಒಳಗೆ ಹೋಗಲು ಒಂದು ಗಂಟು, ಹೊರಗೆ ಬರಲು ಇನ್ನೊಂದು. ಇಪ್ಪತ್ತೊಂದರ ಮೇಲಾಯಿತು, ಪೆಟ್ಟಿಗೆಯ ಸ್ವಂತ ವಿಳಂಬ ಬೇರೆ. ಕಡಿಮೆ ಅಲ್ಲವೇ ಎನಿಸುತ್ತದೆ. ಆದರೆ ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ನಡೆಯುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ ಒಂದಡಿಗಿಂತ ಚೂರು ಹೆಚ್ಚು. ಇಪ್ಪತ್ತೊಂದು ಮಿಲಿಸೆಕೆಂಡು ಎಂದರೆ ಏಳು ಮೀಟರು. ನಮ್ಮ ಹಜಾರದಲ್ಲಿ ಕೂತು ಹಾಡುವವಳಿಗೆ ಅವಳದೇ ದನಿ ಬೀದಿಗೇಟಿನ ಹತ್ತಿರದಿಂದ ಕೇಳಿಸುತ್ತಿತ್ತು.

ಈ ಲೆಕ್ಕ ಸಿಕ್ಕಮೇಲೆ ನನಗೆ ಪೆಟ್ಟಿಗೆಗಳ ಬಗ್ಗೆ ಇದ್ದ ಭಯ ಅರ್ಧ ಹೋಯಿತು. ವೇದಿಕೆಯಲ್ಲಿ ತಬಲಾದವರು ಹಾಡುವವರಿಂದ ಒಂದೂವರೆ ಮೀಟರ್ ದೂರ ಕೂರುತ್ತಾರೆ. ನಾಲ್ಕೈದು ಮಿಲಿಸೆಕೆಂಡಿನ ವಿಳಂಬವನ್ನು ಯಾವ ವಿದ್ವಾಂಸರೂ ಲೆಕ್ಕಿಸಿಲ್ಲ. ಗಂಟನ್ನು 64ಕ್ಕೆ ಇಳಿಸಿದರೆ ಒಂದೊಂದು ಗಂಟಿಗೆ 1.3 ಮಿಲಿಸೆಕೆಂಡು, ದನಿ ಬೀದಿಯಿಂದ ಮಗ್ಗುಲಿಗೆ ಬರುತ್ತದೆ. ಆದರೆ ಅಷ್ಟು ಚಿಕ್ಕ ಗಂಟುಗಳನ್ನು ಹೊತ್ತು ಓಡಾಡಲು ಹಳೆಯ ಕಂಪ್ಯೂಟರಿಗೆ ಉಸಿರು ಸಾಲದು, ಹಾಡಿನ ನಡುವೆ ಚಟಪಟ ಎನ್ನುತ್ತದೆ. ಪೆಟ್ಟಿಗೆಯ ಜೊತೆಗೆ ಕಂಪನಿ ಕೊಡುವ ಡ್ರೈವರಿನ ಯೋಗ್ಯತೆ ಗೊತ್ತಾಗುವುದು ಈ ಚಿಕ್ಕ ಗಂಟಿನ ಹೊತ್ತಿನಲ್ಲೇ. ರಾಗ ಹಾಕುವವರು ಮೊದಲು ವಿಚಾರಿಸಬೇಕಾದ್ದು ಇದನ್ನು ಎಂಬುದು ನನ್ನ ಅಭಿಪ್ರಾಯ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆಯುವುದು ಮಾತ್ರ ಬೇರೆಯದನ್ನೇ.

ಹಾಡುವವರಿಗಂತೂ ಇನ್ನೊಂದು ಉಪಾಯವಿದೆ. ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರುವುದಕ್ಕೆ ಕಾಯದೆ ಪೆಟ್ಟಿಗೆಯಿಂದಲೇ ಹೆಡ್‌ಫೋನಿಗೆ ಬಂದುಬಿಡುತ್ತದೆ. ನಾನು ಗೆದ್ದೆನೆಂದು ಒತ್ತಿದೆ. ಹೆಂಡತಿ ಮತ್ತೊಂದು ಸಾಲು ಹಾಡಿ, "ಎಕೋನೇ ಇಲ್ವಲ್ಲ, ಬರೀ ಒಣಾ ಒಣಾ. ಹೀಗೆ ನನಗೆ ಭಾವ ಬರಲ್ಲ" ಎಂದಳು. ಎಕೋ ಸೇರಿಸುವುದು ಕಂಪ್ಯೂಟರ್; ಆದರೆ ಆ ದನಿ ಈಗ ಕಂಪ್ಯೂಟರನ್ನು ಹೊಕ್ಕು ಬರುತ್ತಿಲ್ಲ. ಇದನ್ನು ವಿವರಿಸುವುದಕ್ಕಿಂತ ಪೆಟ್ಟಿಗೆಯಲ್ಲೇ ಎಕೋ ಇರುವುದನ್ನು ಹುಡುಕುವುದು ಸುಲಭ. ಸ್ಟೈನ್‌ಬರ್ಗಿನ ಯುಆರ್22ಸಿಯಂಥ ಕೆಲವು ಪೆಟ್ಟಿಗೆಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಚಿಪ್ ಇದೆ. ಸುಗಮ ಸಂಗೀತದವರ ಮನೆಗೆ ಇದು ಅಲಂಕಾರವಲ್ಲ, ದಾಂಪತ್ಯದ ಆವಶ್ಯಕತೆ.

ಅಂಗಡಿಯ ಹುಡುಗ ಇದ್ಯಾವುದನ್ನೂ ಹೇಳಲಿಲ್ಲ. "192 ಇದೆ ಸಾರ್" ಎಂದ. ಸೆಕೆಂಡಿಗೆ 1,92,000 ಅಳತೆ ಎಂದರೆ 96,000 ಹರ್ಟ್ಸ್‌ವರೆಗಿನ ಶಬ್ದ ದಾಖಲಾಗಬಲ್ಲದು. ಮನುಷ್ಯನ ಕಿವಿ ಎಳೆ ವಯಸ್ಸಿನಲ್ಲೇ 20,000ಕ್ಕೆ ಸೋಲುತ್ತದೆ. ನನ್ನ ವಯಸ್ಸಿನ ಕಿವಿ ಎಲ್ಲಿ ಸೋಲುತ್ತದೆಂದು ವೈದ್ಯರನ್ನು ಕೇಳುವ ಧೈರ್ಯ ನನಗಿಲ್ಲ. ಬಾವಲಿಗಳ ಸಮೂಹಗಾನಕ್ಕೆ ರಾಗ ಹಾಕುವ ದಿನ ಬಂದರೆ 192 ಬೇಕಾಗಬಹುದು. 48ರಲ್ಲಿ ಒಂದು ಟ್ರ್ಯಾಕು ನಿಮಿಷಕ್ಕೆ ಸುಮಾರು 8.6 ಎಂಬಿ ನುಂಗಿದರೆ 192ರಲ್ಲಿ ಅದರ ನಾಲ್ಕು ಪಟ್ಟು. ಇನ್ನು ಸಿಡಿಯ 44,100 ಎಂಬ ವಿಚಿತ್ರ ಸಂಖ್ಯೆಯ ಹಿಂದೆ ಇರುವುದು ಕಿವಿಯ ಲೆಕ್ಕವೊಂದೇ ಅಲ್ಲ, ಟಿವಿಯ ಲೆಕ್ಕವೂ ಹೌದು: ಮೊದಲಿಗೆ ಡಿಜಿಟಲ್ ಧ್ವನಿಯನ್ನು ವಿಡಿಯೋ ಟೇಪಿನಲ್ಲಿ ತುಂಬಿಡುತ್ತಿದ್ದರು, ಗೆರೆಗೆ ಮೂರರಂತೆ 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ. 1982ರಲ್ಲಿ ಸಿಡಿ ಬಂದಾಗ ಅದೇ ಸಂಖ್ಯೆ ಅಂಟಿಕೊಂಡಿತು.

ಇಷ್ಟು ಮಾಡಿ ಹುಡುಗ ಯುಎಸ್‌ಬಿ-ಸಿ ಎಂದೂ ಹೆಮ್ಮೆಪಟ್ಟ. ಅದು ತುದಿಯ ಆಕಾರ ಮಾತ್ರ. ಒಳಗೆ ಹಳೆಯ ಯುಎಸ್‌ಬಿ 2.0 ಇರುವ ಪೆಟ್ಟಿಗೆಗಳೇ ಬಹಳ, ನಾಲ್ಕು ಮೈಕಿನ ದನಿಗೆ ಅದು ಧಾರಾಳ ಸಾಕು. 24 ಬಿಟ್ ಎಂಬುದೊಂದೇ ಅವನ ಪಟ್ಟಿಯಲ್ಲಿ ನಿಜಕ್ಕೂ ಉಪಕಾರದ್ದು. ಹಾಡುವವರು ಮೈಕ್ ಪರೀಕ್ಷೆಯ ಹೊತ್ತಿಗೆ ಸಂಕೋಚದಿಂದ 'ಹಲೋ ಹಲೋ' ಎನ್ನುತ್ತಾರೆ. ನೀವು ಆ ಸಂಕೋಚಕ್ಕೆ ತಕ್ಕಂತೆ ನಾಬು ತಿರುಗಿಸಿ ಇಡುತ್ತೀರಿ. ಚರಣದಲ್ಲಿ ತಾರಷಡ್ಜ ಬಂದೊಡನೆ ಹಸಿರು ದೀಪ ಕೆಂಪಗಾಗಿ ದನಿ ಒಡೆದು ಹೋಗುತ್ತದೆ. 24 ಬಿಟ್ಟಿನಲ್ಲಿ ಕೆಳಗಡೆ ಬೇಕಾದಷ್ಟು ಜಾಗವಿರುವುದರಿಂದ ನಾಬನ್ನು ಹಿಂದಕ್ಕೇ ಇಟ್ಟುಕೊಂಡು ಆ ಷಡ್ಜಕ್ಕೆ ತಲೆಯ ಮೇಲೆ ಅವಕಾಶ ಬಿಡಬಹುದು.

ಹಾಡಿಗೆ ಬಾರಿಸಲು ಮನೆಗೆ ಬಂದ ತಬಲಾ ಮೇಷ್ಟ್ರು ಪೆಟ್ಟಿಗೆಯ 48ವಿ ಎಂಬ ಗುಂಡಿ ಬೆಳಗಿದ್ದು ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು. "ಕರೆಂಟ್ ಹೊಡೆಯಲ್ಲ ತಾನೆ ಸಾರ್?" ಹೊಡೆಯುವುದಿಲ್ಲ. ಕಂಡೆನ್ಸರ್ ಮೈಕಿಗೆ ಜೀವ ತುಂಬಲು ಪೆಟ್ಟಿಗೆಯೇ ಅದೇ ತಂತಿಯಲ್ಲಿ 48 ವೋಲ್ಟು ಕಳಿಸುತ್ತದೆ; ಎರಡೂ ಎಳೆಗಳಲ್ಲಿ ಸಮನಾಗಿ ಹೋಗುವುದರಿಂದ ಅದು ಬೇಡದ ಸಾಧಾರಣ ಡೈನಮಿಕ್ ಮೈಕಿಗೆ ಅದರ ಅರಿವೇ ಆಗುವುದಿಲ್ಲ. ನಲವತ್ತೆಂಟೇ ಏಕೆ ಎಂದರೆ, 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೋಗೆ ಇಂಥ ಮೈಕ್ ಮಾಡಿಕೊಟ್ಟಾಗ ಅಲ್ಲಿನ ಕಟ್ಟಡದಲ್ಲಿ ತುರ್ತುದೀಪಗಳಿಗೆಂದು 48 ವೋಲ್ಟಿನ ವ್ಯವಸ್ಥೆ ಮೊದಲೇ ಇತ್ತು. ಇದ್ದದ್ದನ್ನೇ ಬಳಸಿಕೊಂಡರು. ನಾರ್ವೆಯ ಚಳಿಗಾಲದ ಕತ್ತಲೆಗೂ ಸರಸ್ವತಿಪುರದ ನಮ್ಮ ತಬಲಾಕ್ಕೂ ಹೀಗೊಂದು ನಂಟು ಎಂದು ವಿವರಿಸಿದೆ. ಮೇಷ್ಟ್ರು ಪೂರ್ತಿ ಕೇಳಿ, "ಆದ್ರೂ ಆಫ್ ಮಾಡಿಬಿಡಿ ಸಾರ್" ಎಂದರು.

ಅವರು ಬಂದದ್ದರಿಂದಲೇ ಎರಡು ತೂತಿನ ನಿಜವಾದ ತೊಡಕು ಎದುರಾದದ್ದು. ಬಲಗೈಯ ತಬಲಾಕ್ಕೊಂದು, ಎಡಗೈಯ ಡಗ್ಗಾಕ್ಕೊಂದು ಮೈಕ್ ಇಟ್ಟರೆ ತೂತು ಮುಗಿಯಿತು. ಹಾಡುವವಳಿಗೆ? ನನ್ನ ಹಾರ್ಮೋನಿಯಮ್ಮಿಗೆ? ತಂಬೂರಿಯ ಚಿಂತೆಯಿಲ್ಲ, ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಎಂಬ ಕೊಳಲು ನುಡಿಸುವ ಎಂಜಿನಿಯರ್ 1979ರಲ್ಲೇ ಅದನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಯೊಳಗೆ ಕೂರಿಸಿದ್ದಾರೆ, ಈಗ ಕಂಪ್ಯೂಟರಿನೊಳಗೂ ಕೂರುತ್ತದೆ.

ಸೋದರಳಿಯನ ಪರಿಹಾರ ಸಿದ್ಧವಾಗಿತ್ತು. "ಒಬ್ಬೊಬ್ರೇ ಮಾಡಿ ಮಾವ. ಮೊದಲು ಹಾರ್ಮೋನಿಯಂ, ಅದನ್ನ ಕೇಳ್ಕೊಂಡು ತಬಲಾ, ಆಮೇಲೆ ಅತ್ತೆ ಹಾಡ್ತಾರೆ. ಎಲ್ರೂ ಹಾಗೇ ಮಾಡೋದು." ಮಾಡಿದೆವು. ಮೇಷ್ಟ್ರು ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಕೇಳುತ್ತಾ ದಾದ್ರಾ ಬಾರಿಸಿದರು, ಒಂದು ಕೂದಲೆಳೆ ಆಚೀಚೆ ಇಲ್ಲ. ಮರುದಿನ ಅದರ ಮೇಲೆ ಇವಳು ಹಾಡಿದಳು. ಕೇಳಿದರೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಚರಣದ ಕೊನೆಯ ಮಾತನ್ನು ಇವಳು ಅಭ್ಯಾಸದಂತೆ ಚೂರು ಎಳೆದು ನಿಲ್ಲಿಸಿದಾಗ ತಬಲಾ ನಿಲ್ಲದೆ ಮುಂದೆ ಹೋಗಿಬಿಟ್ಟಿತ್ತು. ಎದುರಿಗೆ ಕೂತಿದ್ದರೆ ಮೇಷ್ಟ್ರು ಇವಳ ಕತ್ತು ವಾಲುವುದನ್ನು ನೋಡಿಯೇ ಕೈ ತಡೆಯುತ್ತಿದ್ದರು, ಮಾತು ಇಳಿದ ಮೇಲೆ ಡಗ್ಗಾದ ಮೇಲೆ ಅಂಗೈ ಜಾರಿಸಿ ಒಂದು ಗುಂಕಾರ ಕೊಟ್ಟು ಕರೆದೊಯ್ಯುತ್ತಿದ್ದರು. ಮುಂಚೆಯೇ ಬಾರಿಸಿಟ್ಟ ತಬಲಾಕ್ಕೆ ಕಣ್ಣಿಲ್ಲ. ಸಿನಿಮಾದವರು ಹೀಗೆಯೇ ಮಾಡಿ ಅದ್ಭುತವಾದ ಹಾಡುಗಳನ್ನು ಕೊಟ್ಟಿದ್ದಾರೆ, ಒಪ್ಪುತ್ತೇನೆ. ಅಲ್ಲಿ ಹಾಡು ಹೇಗಿರಬೇಕೆಂದು ಮೊದಲೇ ನಿಶ್ಚಯವಾಗಿರುತ್ತದೆ. ನಮ್ಮ ಹಜಾರದಲ್ಲಿ ಅದು ನಿಶ್ಚಯವಾಗುವುದು ಮೂವರೂ ಕೂತು, ಕಾಫಿ ಕುಡಿದು, ಜಗಳವಾಡಿದ ಮೇಲೆ.

ಹಾಗೆ ನೋಡಿದರೆ ಶುರುವಿನಲ್ಲಿ ಎಲ್ಲರಿಗೂ ಸೇರಿ ಒಂದೇ ತೂತು ಇದ್ದದ್ದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಮೈಕೂ ಇಲ್ಲ, ವಿದ್ಯುತ್ತೂ ಇಲ್ಲ. ಗೋಡೆಯಿಂದ ಚಾಚಿದ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು, ಅದರ ಇನ್ನೊಂದು ತುದಿಯ ಸೂಜಿ ಮೇಣದಲ್ಲಿ ಗೀರಬೇಕು. ಸಾರಂಗಿ ಜೋರಾದರೆ ನಾಬು ತಿರುಗಿಸುವ ಮಾತಿಲ್ಲ, ಸಾರಂಗಿಯವರನ್ನೇ ಹಿಂದಕ್ಕೆ ಸರಿಸಬೇಕು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಿದ್ದರು, ತಟ್ಟೆ ಅಚ್ಚುಹಾಕುವ ಜರ್ಮನಿಯವರಿಗೆ ಇದು ಯಾರ ಹಾಡೆಂದು ತಿಳಿಯಲಿ ಅಂತ. ಆ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲೇ, ಆಸ್ಥಾನದ ಆಶ್ರಯದಲ್ಲಿ. ತೀರಿಕೊಂಡದ್ದು 1930ರ ಜನವರಿಯಲ್ಲಿ. ಅದಾದ ಐದು ವರ್ಷಕ್ಕೆ, 1935ರಲ್ಲಿ, ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಇದೇ ಊರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ' ಎಂಬ ಬಾನುಲಿ ಶುರುಮಾಡಿದರು. ಮನೆಯಲ್ಲೇ ಸ್ಟುಡಿಯೋ ಎಂಬ ಹುಚ್ಚು ಮೈಸೂರಿಗೆ ನನ್ನಿಂದ ಬಂದದ್ದಲ್ಲ ಎಂದು ಹೆಂಡತಿಗೆ ಹೇಳಲು ನನಗೆ ಇದು ಬಹಳ ಅನುಕೂಲವಾಯಿತು.

ನಾಲ್ಕು ತೂತಿನದೇ ಬೇಕೆಂದು ತೀರ್ಮಾನವಾಯಿತು. ಇಲ್ಲಿ ಒಂದು ಬಲೆಯಿದೆ, ಕೊಳ್ಳುವವರು ಕಣ್ಣಿಟ್ಟು ನೋಡಬೇಕು. ಡಬ್ಬದ ಮೇಲೆ ನಾಲ್ಕು ಇನ್‌ಪುಟ್ ಎಂದಿದ್ದ ಮಾತ್ರಕ್ಕೆ ನಾಲ್ಕು ಮೈಕ್ ಎಂದಲ್ಲ. ಫೋಕಸ್‌ರೈಟ್‌ನವರ ಸ್ಕಾರ್ಲೆಟ್ 4ಐ4ನಲ್ಲಿ ಮೈಕಿಗೆ ಒದಗುವವು ಎರಡೇ, ಉಳಿದೆರಡು ಕೀಬೋರ್ಡಿನಂಥ ಜೋರು ಸಂಕೇತದವುಗಳಿಗೆ. ಅದೇ ಮನೆತನದ 18ಐ20ನಲ್ಲಿ ಹದಿನೆಂಟೆಂದು ಎಣಿಸಿದರೂ ಮೈಕ್ ಹಿಡಿಯುವವು ಎಂಟು. ಮೋಸವೇನಲ್ಲ, ಒಳಗಿನ ಕಾಗದದಲ್ಲಿ ಎಲ್ಲ ಬರೆದಿರುತ್ತಾರೆ. ಸಾಲಪತ್ರದಲ್ಲೂ ಎಲ್ಲ ಬರೆದಿರುತ್ತದೆ. ಬೆರಿಂಗರ್ ಯುಎಂಸಿ404ಎಚ್‌ಡಿಯಲ್ಲಿ ನಾಲ್ಕಕ್ಕೆ ನಾಲ್ಕೂ ಮೈಕ್ ಹಿಡಿಯುತ್ತವೆ, ಜೊತೆಗೆ 1983ರಲ್ಲಿ ಜಗತ್ತಿಗೆ ಬಂದ ಮಿಡಿಯ ಐದು ಕಡ್ಡಿಯ ದುಂಡು ಕಿಂಡಿಯೂ ಇದೆ, ಹಳೆಯ ಕೀಬೋರ್ಡುಗಳಿಗೆ. ನಾನು ಕೊನೆಗೆ ತಂದದ್ದು ಅದನ್ನು. ಅದರಲ್ಲಿ ಎಕೋ ಇಲ್ಲ. ಆ ಕೊರತೆಯನ್ನು ಹೆಂಡತಿ ಇನ್ನೊಂದು ರೀತಿಯಲ್ಲಿ ನೀಗಿಸಿಕೊಂಡಳು: ಹೆಡ್‌ಫೋನನ್ನೇ ಹಾಕಿಕೊಳ್ಳುವುದಿಲ್ಲ. ಮೂವರೂ ಎದುರೆದುರು ಕೂತಮೇಲೆ ಅದೆಲ್ಲ ಏಕೆ ಎಂಬುದು ಅವಳ ಪ್ರಶ್ನೆ. ಒಬ್ಬರ ಮೈಕಿನಲ್ಲಿ ಇನ್ನೊಬ್ಬರ ದನಿ ಸೇರಿಕೊಳ್ಳುತ್ತದೆ ಮಾವ, ಆಮೇಲೆ ತಿದ್ದೋಕಾಗಲ್ಲ ಎಂದು ಸೋದರಳಿಯ ಫೋನಿನಲ್ಲಿ ಕೊರಗುತ್ತಾನೆ. ತಿದ್ದುವಂಥ ತಪ್ಪಾದರೆ ಮತ್ತೊಂದು ಸಲ ಹಾಡಿದರಾಯಿತು. ನಾವು ಯಾರ ಗಂಟೆಯ ಬಾಡಿಗೆಯನ್ನೂ ಕಟ್ಟುತ್ತಿಲ್ಲವಲ್ಲ.

ಪೆಟ್ಟಿಗೆಗಿಂತ ಹೆಚ್ಚಿನ ಪಾಡು ಮನೆಯದು. ಒಳ್ಳೆಯ ಮೈಕು ಒಳ್ಳೆಯದನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಪಕ್ಕದ ಮನೆಯ ಬೋರ್‌ವೆಲ್ ಪಂಪು, ಎದುರುಮನೆಯ ಕುಕ್ಕರ್ (ಅವರು ಬೇಳೆಗೆ ಐದು ವಿಷಲ್ ಕೂಗಿಸುತ್ತಾರೆ, ಹೆಚ್ಚಾಯಿತು ಎಂಬುದು ನಮ್ಮ ಮನೆಯ ಅಭಿಪ್ರಾಯ), ಏಪ್ರಿಲ್ ತಿಂಗಳ ಫ್ಯಾನು, ಎಲ್ಲವೂ 24 ಬಿಟ್ಟಿನ ಸ್ಪಷ್ಟತೆಯಲ್ಲಿ ದಾಖಲಾಗುತ್ತವೆ. ಲ್ಯಾಪ್‌ಟಾಪ್ ಚಾರ್ಜರಿಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಶ್ರುತಿಯ ಕೆಳಗೆ ಐವತ್ತು ಹರ್ಟ್ಸಿನ ಇನ್ನೊಂದು ಶ್ರುತಿ ಗುಂಯ್‌ಗುಡುತ್ತದೆ, ಅದು ಯಾವ ಮನೆ ಶ್ರುತಿಗೂ ಕೂಡುವುದಿಲ್ಲ. ಅಷ್ಟಾದರೂ ಬೆಳಗಿನ ಹನ್ನೊಂದರ ಸುಮಾರಿಗೆ ಒಂದು ನಲವತ್ತು ನಿಮಿಷ ಬೀದಿ ತಣ್ಣಗಿರುತ್ತದೆ. ಬಾಕಿ ಉಳಿಯುವುದು ನಮ್ಮದೇ ಫ್ರಿಜ್ಜು.

ಫ್ರಿಜ್ಜನ್ನು ಆರಿಸುವುದು ಸುಲಭ, ಮತ್ತೆ ಹಾಕಲು ನೆನಪಾಗುವುದು ಕಷ್ಟ. ಸಿನಿಮಾದ ಶಬ್ದಗ್ರಾಹಕರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ: ತಮ್ಮ ಗಾಡಿಯ ಕೀಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡುತ್ತಾರೆ. ನನ್ನ ಕೀ ಇಟ್ಟರೆ ಪ್ರಯೋಜನವಿಲ್ಲ, ನಾನು ಎರಡು ದಿನವಾದರೂ ಮನೆ ಬಿಟ್ಟು ಹೊರಡುವವನಲ್ಲ. ಹಾಗಾಗಿ ಮೇಷ್ಟ್ರು ಬಂದ ಕೂಡಲೇ ಅವರ ಸ್ಕೂಟರಿನ ಕೀಯನ್ನು ಹೆಂಡತಿ ಇಸಿದುಕೊಂಡು ಒಳಗೆ ಇಡುತ್ತಾಳೆ. ಹಾಡು ಮುಗಿದು, ಎರಡನೆಯ ಕಾಫಿಯೂ ಮುಗಿದ ಮೇಲೆ ಅವರೇ ಅಡುಗೆಮನೆಗೆ ಹೋಗಿ, ಮೊಸರಿನ ಪಾತ್ರೆಯ ಪಕ್ಕದಿಂದ ಕೀ ತೆಗೆದುಕೊಂಡು, ಸ್ವಿಚ್ ಹಾಕಿ, "ನಾಳೆ ಡಗ್ಗಾ ಮೈಕು ಇನ್ನೂ ಸ್ವಲ್ಪ ಹತ್ತಿರ ಇಡಿ ಸಾರ್, ಆ 48 ಮಾತ್ರ ಹಾಕ್ಬೇಡಿ" ಎನ್ನುತ್ತಾ ಹೊರಡುತ್ತಾರೆ.